ಸಹಾಯ ಬೇಕು: ಪಾಲಡಿನ್ (ಪ್ರತಿಜ್ಞೆಗೆ ಬದ್ಧನಾದ ಧರ್ಮಯೋಧ) ಪಾತ್ರ ಇಡೀ ಪಾರ್ಟಿಗೆ (ಆಟಗಾರರ ಪಾತ್ರಗಳ ತಂಡಕ್ಕೆ) ತಲೆನೋವಾಗದಂತೆ ಆಡೋದು ಹೇಗೆ?

ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ ಪಾತ್ರಾಭಿನಯದ ಟೇಬಲ್ ಆಟ, 5ನೇ ಆವೃತ್ತಿ, 2014ರ ನಿಯಮಗಳು. ಪಾಲಡಿನ್ 3ನೇ ಲೆವೆಲ್‌ನಲ್ಲಿ ಡಿವೋಷನ್ ಪ್ರತಿಜ್ಞೆ ತಗೊಂಡಿದ್ದಾನೆ. ಅದರ ಮೊದಲ ಮಾತೇ ಸುಳ್ಳು, ಮೋಸ ಕೂಡದು. ಪಾರ್ಟಿಯಲ್ಲಿರೋ ರೋಗ್‌ಗೆ (ಕಳ್ಳ, ಚಾಲಾಕಿ ಪಾತ್ರ) ಅದೇ ಕಸುಬು! ರೋಗ್ ಕಾವಲುಗಾರನಿಗೆ ಕತೆ ಕಟ್ಟುವಾಗ ಪಾಲಡಿನ್ ಪಕ್ಕದಲ್ಲಿ ಸುಮ್ಮನೆ ನಿಂತರೆ ಪ್ರತಿಜ್ಞೆ ಮುರಿದಂತೆಯೇ? ನಿಮ್ಮ ಟೇಬಲ್‌ನಲ್ಲಿ ಏನು ತೀರ್ಪು?

ಇದಕ್ಕಿಂತ ದೊಡ್ಡ ತೊಡಕು ಶರಣಾದ ಶತ್ರುಗಳದ್ದು. ಕೈಯಳತೆಯ ಆಯುಧದ ಹೊಡೆತದಿಂದ ಶತ್ರುವಿನ ಹಿಟ್ ಪಾಯಿಂಟ್ (ಜೀವಬಲದ ಅಂಕ) 0 ಆದಾಗ ಕೊಲ್ಲದೆ ಪ್ರಜ್ಞೆ ತಪ್ಪಿಸಬಹುದು, ಸರಿ. ಆಮೇಲೆ? ನಾಲ್ಕು ಗಾಬ್ಲಿನ್‌ಗಳನ್ನು ಕಟ್ಟಿಹಾಕಿ ಗುಹೆಯೊಳಗೆ ಎಳೆದುಕೊಂಡು ಹೋಗೋಕಾಗಲ್ಲ. ಬಿಟ್ಟರೆ ಎಚ್ಚರಿಕೆ ಗಂಟೆ ಬಾರಿಸ್ತಾವೆ. ಅಲ್ಲಿಗೆ ಆಟ ನಿಂತು ವಾದ ಶುರು.

3.5 ಆವೃತ್ತಿಯಲ್ಲಿ ಬೇಕಂತಲೇ ಒಂದು ದುಷ್ಟ ಕೆಲಸ ಮಾಡಿದರೂ ಶಕ್ತಿಗಳೇ ಹೋಗ್ತಿದ್ದವು. ಇಲ್ಲಿ ಹೆಚ್ಚಿನದ್ದು ಡಿಎಂ (ಆಟ ನಡೆಸುವವರು) ವಿವೇಚನೆಗೆ ಬಿಟ್ಟಿದ್ದು. ನೇರವಾಗಿ ಓಥ್‌ಬ್ರೇಕರ್ (ಪ್ರತಿಜ್ಞೆ ಮುರಿದ ಪಾಲಡಿನ್) ಮಾಡೋದು ಅತಿಯಾಯ್ತು, ಅದು ದುಷ್ಟರಿಗೇ ಮೀಸಲು. ಎಚ್ಚರಿಕೆ, ಪ್ರಾಯಶ್ಚಿತ್ತ, ಶಿಕ್ಷೆ ಅಂತ ಮೆಟ್ಟಿಲು ಮಾಡಿಕೊಂಡವರು ಇದ್ದರೆ ವಿವರ ಹೇಳಿ. ಸೆಷನ್ ಝೀರೋದಲ್ಲಿ (ಆಟ ಶುರುವಾಗೋ ಮುಂಚಿನ ಮಾತುಕತೆ) ಯಾವ್ಯಾವ ಪ್ರಶ್ನೆ ಇತ್ಯರ್ಥ ಮಾಡ್ಕೊಂಡ್ರಿ ಅನ್ನೋದೂ ಬೇಕು. "ಬೇರೆ ಕ್ಲಾಸ್ ಆಡಿ" ಅನ್ನೋ ಸಲಹೆ ಮಾತ್ರ ಬೇಡ.