ಅಯಾನ್ ಚಾನೆಲ್‌ಗೆ ಕನ್ನಡದಲ್ಲಿ ಏನು? (ಸಂಜೆಯೊಳಗೆ ಬೇಕು)

ಕಾರವಾರದಿಂದ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 25ರ ಫಾರ್ಮಸಿಸ್ಟ್ ದಿನಕ್ಕೆ ನಮ್ಮಲ್ಲಿ ಪ್ರದರ್ಶನ ಇದೆ. ಬಿಪಿ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂದು ಊರವರಿಗೆ ತಿಳಿಸುವ ಬೋರ್ಡು ನನ್ನ ಪಾಲಿಗೆ ಬಂದಿದೆ. ಆಮ್ಲೊಡಿಪಿನ್‌ಗೆ 'ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್' ಅಂತಾರಲ್ಲ, ಆ ಚಾನೆಲ್‌ಗೆ ಏನು ಹಾಕಲಿ? 'ಅಯಾನು ವಾಹಿನಿ' ಅಂತ ಬರೆದಿದ್ದೆ (ಅಯಾನು ಅಂದರೆ ವಿದ್ಯುದಾವೇಶ ಹೊತ್ತ ಕಣ). ಅತ್ತೆ ಓದಿ, "ಟಿವಿಯಲ್ಲಿ ಬರ್ತದಾ?" ಅಂತ ಕೇಳಿದರು. ಫ್ಲೆಕ್ಸ್ ಅಂಗಡಿಗೆ ಸಂಜೆಯೊಳಗೆ ಕಳಿಸಬೇಕು.

ಶಿರಸಿಯಿಂದ:
ವಾಹಿನಿ ಬೇಡವೇ ಬೇಡ. ಕಾಲುವೆ ಅನ್ನಿ, ಅಚ್ಚಗನ್ನಡ. ತಮಿಳಿನಲ್ಲೂ 'ಕಾಲ್ವಾಯ್' ಇದೆ, ಹಳೆಯ ದ್ರಾವಿಡ ಪದ. 'ಅಯಾನು' ಹಾಗೇ ಇರಲಿ. ಅದು ನಮ್ಮ ಉತ್ತರಾಯಣದ 'ಅಯನ'ವೇ. ಇಲ್ಲಿಂದಲೇ ಆಚೆ ಹೋದ ಮಾತು.

ಕುಮಟಾದಿಂದ:
ಅಲ್ಲ ಮಾಸ್ತರೇ. 1834ರಲ್ಲಿ ವಿಜ್ಞಾನಿ ಫ್ಯಾರಡೆ ಗ್ರೀಕಿನಿಂದ ತೆಗೆದುಕೊಂಡ ಪದ ಅದು. ಗ್ರೀಕ್ ಧಾತು ಮತ್ತು ಸಂಸ್ಕೃತದ 'ಇ' ಧಾತು ದಾಯಾದಿಗಳು, ಅಷ್ಟೇ.

ಕಾಲುವೆಗೂ ನನ್ನ ಒಪ್ಪಿಗೆ ಇಲ್ಲ. ನಾನು ಔಷಧಶಾಸ್ತ್ರ ಕಲಿಸುವವ, ಈ ಪದ ತಪ್ಪಿದರೆ ಮುಂದಿನ ಪಾಠವೆಲ್ಲ ತಪ್ಪುತ್ತದೆ. ಕಾಲುವೆಯಲ್ಲಿ ನೀರು ಸುಮ್ನೆ ಉದ್ದಕ್ಕೆ ಹರಿಯುತ್ತದೆ. ಇದು ಜೀವಕೋಶದ ಪೊರೆಯನ್ನು ತೂರಿ ಕೂತ ಪ್ರೋಟೀನು, ಅದಕ್ಕೆ ಬಾಗಿಲಿದೆ. ಕೆಲವು ಪೊರೆಯ ವೋಲ್ಟೇಜ್ ಬದಲಾದರೆ ತೆರೆಯುತ್ತವೆ. ಕೆಲವು ಅಸಿಟೈಲ್‌ಕೋಲಿನ್‌ನಂಥ ರಾಸಾಯನಿಕ ಬಂದು ಅಂಟಿದರೆ ಮಾತ್ರ. ತೆರೆದರೆ ಸೆಕೆಂಡಿಗೆ ಕೋಟಿ ಲೆಕ್ಕದಲ್ಲಿ ಅಯಾನುಗಳು ದಾಟುತ್ತವೆ. ಹಾಗಂತ ಸಿಕ್ಕಿದ್ದನ್ನೆಲ್ಲ ಬಿಡುವುದಿಲ್ಲ. ಪೊಟ್ಯಾಸಿಯಂಗಿಂತ ಸೋಡಿಯಂ ಸಣ್ಣದು, ಆದರೂ ಪೊಟ್ಯಾಸಿಯಂ ಚಾನೆಲ್ ಅದನ್ನು ತಡೆಯುತ್ತದೆ. ಒಳಹೋಗಬೇಕಾದರೆ ಅಯಾನು ತನ್ನ ಸುತ್ತಲಿನ ನೀರನ್ನು ಕಳಚಬೇಕು. ಆ ನೀರಿನ ಜಾಗದಲ್ಲಿ ದಾರಿಯ ಗೋಡೆಯ ಆಮ್ಲಜನಕ ಪರಮಾಣುಗಳು ಪೊಟ್ಯಾಸಿಯಂಗೆ ಸರಿಯಾಗಿ ಒದಗುತ್ತವೆ. ಸಣ್ಣ ಸೋಡಿಯಂಗೆ ಅವು ಎಟುಕುವುದಿಲ್ಲ. 1998ರಲ್ಲಿ ವಿಜ್ಞಾನಿ ಮ್ಯಾಕಿನ್ನನ್ ಅವರ ತಂಡ ಇದರ ರಚನೆ ತೋರಿಸಿತು, 2003ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾಗಿ ನನ್ನ ಮತ 'ತೂಬು'. ಅಘನಾಶಿನಿ ಹೊಳೆ ದಂಡೆಯ ಗಜನಿಯಲ್ಲಿ (ಉಪ್ಪುನೀರು ಬರುವ ಗದ್ದೆಯಲ್ಲಿ) ಕಟ್ಟೆಗೆ ಹಲಗೆ ಬಾಗಿಲು ಹಾಕಿ, ಉಪ್ಪುನೀರು ಯಾವಾಗ ಬರಬೇಕು, ಯಾವಾಗ ಬರಬಾರದು ಅಂತ ನೋಡಿಕೊಳ್ಳುತ್ತಾರಲ್ಲ, ಕೆಲಸ ಅದೇ. ಆಮ್ಲೊಡಿಪಿನ್ ರಕ್ತನಾಳದ ಸ್ನಾಯುವಿನ ಕ್ಯಾಲ್ಸಿಯಂ ತೂಬು ಮುಚ್ಚುತ್ತದೆ, ನಾಳ ಸಡಿಲಾಗಿ ಬಿಪಿ ಇಳಿಯುತ್ತದೆ. ಹಲ್ಲು ಕೀಳುವ ಮೊದಲು ಕೊಡುವ ಲಿಗ್ನೋಕೇನ್ ನರದ ಸೋಡಿಯಂ ತೂಬು ಮುಚ್ಚುತ್ತದೆ, ನೋವಿನ ಸುದ್ದಿ ಮುಂದೆ ಹೋಗುವುದಿಲ್ಲ. ಬೇರೆ ತೂಬು ಮುಚ್ಚಿದರೆ ಅಪಾಯ. ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆ ಹೃದಯದ ಒಂದು ಪೊಟ್ಯಾಸಿಯಂ ತೂಬನ್ನೂ ಮುಚ್ಚುತ್ತಿತ್ತು. ಅದರಿಂದ ಹೃದಯದ ಬಡಿತ ಹದಗೆಡುತ್ತಿತ್ತು. 1998ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆದರು.

ಒಂದು ಎಚ್ಚರಿಕೆ ಅಕ್ಕೋರೆ. ಹೃದಯದ ಔಷಧಿ ಡಿಗಾಕ್ಸಿನ್ ಬಗ್ಗೆ ಬೋರ್ಡಿದ್ದರೆ ಅಲ್ಲಿ ತೂಬು ಬರೆಯಬೇಡಿ. ಅದು ತಡೆಯುವುದು ಶಕ್ತಿ ಖರ್ಚು ಮಾಡಿ ಅಯಾನು ಸಾಗಿಸುವ ಪಂಪನ್ನು.

ಶಿರಸಿಯಿಂದ:
ತೂಬು ಕೆರೆಗೆ. ಗಜನಿಯವರು ಹಾಗನ್ನುವುದನ್ನು ನಾನಂತೂ ಕೇಳಿಲ್ಲ. ಮತ್ತೆ 'ಪಂಪು' ಯಾವ ಸೀಮೆಯ ಕನ್ನಡ?

ಅಂಕೋಲೆಯಿಂದ:
ಚಾವಿ, ಪಗಾರ, ಬಟಾಟೆ ಎಲ್ಲ ಪೋರ್ತುಗೀಸರಿಂದ ಬಂದವು. ಯಾರ ಕನ್ನಡ ಕೆಟ್ಟಿದೆ? ಬಿಪಿ, ಶುಗರ್ ಅನ್ನುವ ಜನ ಚಾನೆಲ್ ಅನ್ನಲಾರರೇ? ಹಾಗೇ ಬಿಡಿ.

ಕುಮಟಾದಿಂದ:
ಬಿಪಿ ಅಂದರೆ ತೋಳಿಗೆ ಪಟ್ಟಿ ಕಟ್ಟಿ ನೋಡುವುದು ಅಂತ ಜನಕ್ಕೆ ಗೊತ್ತು. ಚಾನೆಲ್ ಅಂದರೆ ಏನು ನೆನಪಾಗುತ್ತದೆ ಅಂತ ಅಕ್ಕೋರ ಅತ್ತೆಯೇ ಹೇಳಿದ್ದಾರೆ. ಎರವಲು ತರಬಾರದು ಅಂತ ನಾನು ಹೇಳುತ್ತಿಲ್ಲ. ಪಂಪು ಗದ್ದೆಗೆ ಬಂದಿದೆ, ಬಳಸೋಣ. ಚಾನೆಲ್ ಆ ಅರ್ಥದಲ್ಲಿ ಇನ್ನೂ ಮನೆಗೆ ಬಂದಿಲ್ಲ.

ಶಿರಸಿಯಿಂದ:
ಬಂದದ್ದನ್ನೆಲ್ಲ ಒಳಗೆ ಬಿಡುತ್ತಾ ಹೋದರೆ ನಮ್ಮ ಪದಗಳಿಗೆ ಜಾಗ ಎಲ್ಲಿ? ಕಾಲುವೆಯೇ ಸರಿ.

ಕಾರವಾರದಿಂದ:
'ತೂಬು' ಹಾಕಿ ಕಳಿಸಿದೆ. ಬ್ಲಾಕರ್‌ಗೆ ಬೇರೆ ಪದ ಹುಡುಕಲಿಲ್ಲ, 'ಕ್ಯಾಲ್ಸಿಯಂ ಒಳಹೋಗುವ ತೂಬನ್ನು ಈ ಮಾತ್ರೆ ಮುಚ್ಚುತ್ತದೆ' ಅಂತ ವಾಕ್ಯವನ್ನೇ ಬರೆದೆ. ಪಾದ ಊದಿದರೆ ಮಾತ್ರೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ ಅಂತಲೂ ಕೆಳಗೆ ಸೇರಿಸಿದ್ದೇನೆ.