ಹೊಸ ಗಾಲ್ಫ್ ಕೋರ್ಸ್‌ನಲ್ಲಿ ಪ್ರಾಕ್ಟೀಸ್ ರೌಂಡ್: ಮಗಳನ್ನು ಹೇಗೆ ಆಡಿಸಲಿ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಎಲ್ಲರಿಗೂ ನಮಸ್ಕಾರ. ನಂದಿ ಬೆಟ್ಟದ ಕೆಳಗೆ ಒಂದು ಗಾಲ್ಫ್ ಕೋರ್ಸ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ನನ್ನದು. ಬೆಳಕು ಹರಿಯುವ ಹೊತ್ತಿಗೆ ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಕತ್ತರಿಸಿ, ನಿನ್ನೆಯ ಹೋಲ್ ಮುಚ್ಚಿ, ಹೊಸದು ಕೊರೆಯುತ್ತೇನೆ. ಮಗಳು ಒಂಬತ್ತನೇ ಕ್ಲಾಸು, ಇಲ್ಲೇ ಆಡಿ ಕಲಿತವಳು. ಈಗ ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಬುಡದ ಕೋರ್ಸ್‌ನಲ್ಲಿ ಜೂನಿಯರ್ ಪಂದ್ಯ ಇದೆ. ಸ್ಟ್ರೋಕ್ ಪ್ಲೇ, ಅಂದರೆ ಒಟ್ಟು ಹೊಡೆತ ಕಡಿಮೆ ಆದವರು ಗೆಲ್ಲುವುದು. ಹಿಂದಿನ ದಿನ ಒಂದು ಪ್ರಾಕ್ಟೀಸ್ ರೌಂಡ್ ಕೊಡುತ್ತಾರೆ.

ನಮ್ಮ ಕೋರ್ಸ್‌ನಲ್ಲಿ ಬಾಲ್ ಎಲ್ಲಿ ಬಿದ್ದರೆ ಎತ್ತ ಉರುಳುತ್ತೆ ಅಂತ ಅವಳು ಕಣ್ಣು ಮುಚ್ಚಿ ಹೇಳುತ್ತಾಳೆ. ಹೊಸ ಜಾಗ ಅಂದ ಕೂಡಲೇ ಊಟ ಸೇರುತ್ತಿಲ್ಲ. ಪಂದ್ಯದ ಥರಾನೇ ಸ್ಕೋರ್ ಬರೆದುಕೊಂಡು ಆಡಲಿ ಅಂತ ಒಬ್ಬರು, ಸುಮ್ನೆ ನಡೆದು ನೋಡಲಿ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? ಪಂದ್ಯದ ದಿನ ಬೇಗ ಹೋಗಿ ಎರಡು ಹೋಲ್ ಆಡಿಸಬಹುದಾ? ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಬಂದಾಗ ಬ್ಯಾಗ್ ಹೊತ್ತಿದ್ದು ಅವರ ಅಮ್ಮ ಅಲ್ವಾ? ನೀನೂ ಹೊರಬೇಕು ಅಂತ ಮಗಳ ಹಟ.

ಬಂಗಾರಪೇಟೆ ಬರ್ಡಿ:
ಪಂದ್ಯದ ದಿನದ ವಿಷಯ ಮೊದಲು ಹೇಳುತ್ತೇನೆ. ಖಂಡಿತಾ ಬೇಡ. ಸ್ಟ್ರೋಕ್ ಪ್ಲೇನಲ್ಲಿ ಅವತ್ತು ರೌಂಡಿಗೆ ಮುಂಚೆ ಆ ಕೋರ್ಸ್ ಮೇಲೆ ಆಡುವಂತಿಲ್ಲ, ನಿಯಮ 5.2. ಮೊದಲ ಸಲಕ್ಕೆ 2 ಸ್ಟ್ರೋಕ್ ದಂಡ, ಇನ್ನೊಂದು ಸಲಕ್ಕೆ ಪಂದ್ಯದಿಂದಲೇ ಹೊರಗೆ. ಪ್ರಾಕ್ಟೀಸ್ ಜಾಗಗಳಲ್ಲಿ ಮತ್ತು ಮೊದಲ ಟೀ (ಹೋಲ್ ಆಟ ಶುರು ಮಾಡುವ ಜಾಗ) ಹತ್ತಿರ ಪಟ್ಟಿಂಗ್ (ಬಾಲ್ ನೆಲದ ಮೇಲೆ ಉರುಳಿಸುವುದು), ಚಿಪ್ಪಿಂಗ್ (ಹತ್ತಿರದಿಂದ ಸ್ವಲ್ಪ ಎತ್ತಿ ಹೊಡೆಯುವುದು) ಮಾಡಬಹುದು. ಬ್ಯಾಗ್ ಹೊರುವ ಮುಂಚೆ ಪಂದ್ಯದ ನಿಯಮದ ಹಾಳೆ ಓದಿ ಅಣ್ಣ. ಎಷ್ಟೋ ಜೂನಿಯರ್ ಪಂದ್ಯಗಳಲ್ಲಿ ಅಪ್ಪ ಅಮ್ಮ ಕ್ಯಾಡಿ (ಬ್ಯಾಗ್ ಹೊತ್ತು ಸಲಹೆ ಕೊಡುವವರು) ಆಗಲು ಬಿಡುವುದಿಲ್ಲ. ಆಗ ಯಾವ ಕ್ಲಬ್ (ಹೊಡೆಯುವ ಕೋಲು) ತೆಗೆಯಲಿ ಅಂತ ಅವಳು ನಿಮ್ಮನ್ನು ಕೇಳುವಂತೆಯೂ ಇಲ್ಲ.

ಮಾಲೂರು ಕ್ಯಾಡಿ:
ಬೆಂಗಳೂರಿನಲ್ಲಿ ಬಹಳ ವರ್ಷ ಬ್ಯಾಗ್ ಹೊತ್ತವನು ನಾನು. ಅಣ್ಣಾ, ಪ್ರಾಕ್ಟೀಸ್ ದಿನ ಸ್ಕೋರ್ ಬರೆಯಲೇಬೇಡಿ. ಸ್ಕೋರ್ ಬರೆದರೆ ಮಗು ಬಾಲ್ ಹಿಂದೆ ಹೋಗುತ್ತದೆ, ನೆಲ ನೋಡುವುದಿಲ್ಲ. ಪ್ರಾಕ್ಟೀಸ್ ರೌಂಡ್ ಇರುವುದು ಎಲ್ಲಿ ತಪ್ಪಿದರೆ ಪರವಾಗಿಲ್ಲ ಅಂತ ತಿಳಿದುಕೊಳ್ಳುವುದಕ್ಕೆ. ಪ್ರತಿ ಹೋಲ್‌ನಲ್ಲೂ ಒಂದು ಕಡೆ ತಪ್ಪಿದರೆ ಚಿಪ್ ಮಾಡಿ ಉಳಿಸಿಕೊಳ್ಳಬಹುದು, ಇನ್ನೊಂದು ಕಡೆ ಹೋದರೆ ನೀರೋ ಕೋರ್ಸ್ ಗಡಿ ತೋರಿಸುವ ಬಿಳಿ ಗೂಟವೋ ಇರುತ್ತದೆ. ಆ ಒಳ್ಳೇ ಕಡೆ ಯಾವುದು ಅಂತ ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಯಲಿ. ಗ್ರೀನ್ ಮುಗಿಸಿ ಹೊರಡುವಾಗ ಒಮ್ಮೆ ಟೀ ಕಡೆಗೆ ತಿರುಗಿ ನೋಡಲಿ. ಟೀಯಿಂದ ಇಕ್ಕಟ್ಟಾಗಿ ಕಂಡ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ದಾರಿ) ಎಷ್ಟು ಅಗಲ ಇದೆ ಅಂತ ಅಲ್ಲಿಂದ ಗೊತ್ತಾಗುತ್ತದೆ. ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತದೆ.

ಇನ್ನು ಗ್ರೀನ್. ಇಲ್ಲಿ ನಿಮ್ಮಷ್ಟು ತಿಳಿದ ಅಪ್ಪ ಆ ಪಂದ್ಯಕ್ಕೆ ಇನ್ನೊಬ್ಬ ಬರುವುದು ಕಷ್ಟ. ಪ್ರಾಕ್ಟೀಸ್ ದಿನದ ಹೋಲ್ ಪಂದ್ಯದ ದಿನ ಅಲ್ಲಿರುವುದಿಲ್ಲ. ಆದರೂ ಎಲ್ಲರೂ ಅದಕ್ಕೇ ಪಟ್ ಮಾಡಿ ಹೋಗುತ್ತಾರೆ. ನೀವು ದಿನಾ ಹೋಲ್ ಕೊರೆಯುವವರು. ಅಂಚಿನಿಂದ ನಾಲ್ಕು ಹೆಜ್ಜೆಯಾದರೂ ಒಳಗೆ, ಸುತ್ತ ಎರಡು ಮೂರು ಅಡಿ ಕಡಿದಾದ ಇಳಿಜಾರು ಇಲ್ಲದ ಕಡೆ ತಾನೇ ಜಾಗ ಹುಡುಕುವುದು? ಆ ಗ್ರೀನ್‌ನಲ್ಲಿ ನೀವಾಗಿದ್ದರೆ ಎಲ್ಲಿ ಕೊರೆಯುತ್ತಿದ್ದಿರಿ ಅಂತ ನೋಡಿ, ಅಲ್ಲಿ ಒಂದು ಟೀ (ಬಾಲ್ ಇಡುವ ಪುಟ್ಟ ಕಡ್ಡಿ) ಚುಚ್ಚಿ. ಮಗಳು ಅದಕ್ಕೆ ಪಟ್ ಮಾಡಲಿ. ಬರ್ಮುಡಾ ಹುಲ್ಲಾದರೆ ಹೋಲಿನ ಬಾಯಿ ಬಗ್ಗಿ ನೋಡಿ. ಒಂದು ಕಡೆ ಚೊಕ್ಕವಾಗಿರುತ್ತದೆ, ಇನ್ನೊಂದು ಕಡೆ ಒಣಗಿ ತರಚಿದ ಹಾಗಿರುತ್ತದೆ. ಹುಲ್ಲು ಮಲಗಿರುವುದು ಆ ತರಚಿದ ಕಡೆಗೆ. ಅವಳು ನಿಂತ ಕಡೆಯಿಂದ ಹುಲ್ಲು ಹೊಳೆದರೆ ಬಾಲ್ ಜಾಸ್ತಿ ಓಡುತ್ತದೆ, ಕಡು ಹಸಿರಾಗಿ ಕಂಡರೆ ತಡೆಯುತ್ತದೆ. ನಿಮಗೆ ಇದು ಹೊಸದಲ್ಲ. ಅವಳಿಗೆ ಬಾಯಿಬಿಟ್ಟು ಹೇಳಿ.

ಎರಡು ಬಾಲ್ ಹೊಡೆಯಬಹುದಾ ಅಂತ ಮೊದಲೇ ಕೇಳಿಕೊಳ್ಳಿ, ಕೆಲವು ಕಡೆ ಒಂದೇ ಬಾಲ್. ಹಿಂದಿನ ಗುಂಪು ಕಾಯುವ ಹಾಗೆ ಮಾತ್ರ ಆಗಬಾರದು.

ಬಂಗಾರಪೇಟೆ ಬರ್ಡಿ:
ದೂರದ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೈಸೂರು ನಿಮ್ಮ ಊರಿಗಿಂತ ಸುಮಾರು 150 ಮೀಟರ್ ತಗ್ಗಿನಲ್ಲಿದೆ ಅಷ್ಟೇ, ಅವಳ 7 ಐರನ್ ಕ್ಲಬ್ಬಿನ ಹೊಡೆತ ಅಲ್ಲೂ ಹೆಚ್ಚೂಕಡಿಮೆ ಅಷ್ಟೇ ಹೋಗುತ್ತದೆ. ಮಂಗಳೂರಿನ ಪಿಲಿಕುಳ ಕೋರ್ಸ್‌ಗೆ ಹೋದರೆ ಅಷ್ಟು ತಗ್ಗಿನಲ್ಲಿ ಗಾಳಿ ದಟ್ಟ, ಬಾಲ್ ಸ್ವಲ್ಪ ಮುಂಚೆ ಬೀಳುತ್ತದೆ.

ನಂದಿ ತಪ್ಪಲು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಳೆ ಓದಿದೆ. ಪಂದ್ಯದ ದಿನ ಅಪ್ಪ ಅಮ್ಮ ಬ್ಯಾಗ್ ಹೊರುವಂತಿಲ್ಲ, ಪ್ರಾಕ್ಟೀಸ್ ದಿನ ಜೊತೆಗೆ ನಡೆಯಬಹುದು. ಟೀ ಚುಚ್ಚುವ ಮಾತು ಹೇಳಿದೆ. ಮಗಳು ಆಗಲೇ ಒಂದು ನೋಟ್‌ಬುಕ್ ತಂದು ಹೋಲಿಗೊಂದರಂತೆ 18 ಪುಟಕ್ಕೂ ನಂಬರ್ ಹಾಕಿಟ್ಟಿದ್ದಾಳೆ. ಬಂಕರ್ ಅನ್ನೋ ಗುಂಡಿಗಳ ಮರಳು ನಮ್ಮ ಕಡೆ ಬಹಳ ಮೆತ್ತಗೆ, ಅಲ್ಲಿ ಗಟ್ಟಿ ಇದ್ದರೆ ಏನು ಮಾಡುವುದು?

ಮಾಲೂರು ಕ್ಯಾಡಿ:
ಪಂದ್ಯದಲ್ಲಿ ಕೈಯಿಂದಾಗಲಿ ಕ್ಲಬ್ಬಿಂದಾಗಲಿ ಮರಳು ಮುಟ್ಟಿ ಪರೀಕ್ಷೆ ಮಾಡುವಂತಿಲ್ಲ. ಅದಕ್ಕೇ ಹಿಂದಿನ ದಿನ ಬಂಕರ್‌ಗೆ ಇಳಿಸಿ. ಗ್ರೀನ್ ಪಕ್ಕದ್ದೊಂದು, ಫೇರ್‌ವೇಯದ್ದೊಂದು. ಕಾಲು ಊರಿದಾಗ ಬೇಗ ಗಟ್ಟಿ ತಳ ಸಿಕ್ಕರೆ ಬೌನ್ಸ್ (ತಳದ ಉಬ್ಬು) ಕಡಿಮೆ ಇರುವ ವೆಡ್ಜ್ (ಬಾಲ್ ಎತ್ತಿ ಹೊಡೆಯುವ ಕ್ಲಬ್) ತೆಗೆಯಲಿ, ಇಲ್ಲದಿದ್ದರೆ ಕ್ಲಬ್ ಎಗರಿ ಬಾಲಿನ ಮೇಲ್ಭಾಗಕ್ಕೆ ಬಡಿಯುತ್ತದೆ. ಆ ವೆಡ್ಜ್ ಅವಳ ಹತ್ತಿರ ಇಲ್ಲದಿದ್ದರೆ ಈಗಲೇ ಯಾರ ಹತ್ತಿರವಾದರೂ ಕೇಳಿ ಇಟ್ಟುಕೊಳ್ಳಿ. ಬ್ಯಾಗ್‌ನಲ್ಲಿ 14 ಕ್ಲಬ್ ದಾಟದಂತೆ ಎಣಿಸಿಕೊಳ್ಳಿ.