‘ಶಿವಲ್ರಿ’ಗೆ ‘ದಾಕ್ಷಿಣ್ಯ’ ಸಲ್ಲುವುದೇ?

ಮಾನ್ಯರೇ,

ಮಧ್ಯಯುಗದ ಯುರೋಪಿನ ಸಾಹಸ-ಪ್ರಣಯ ಕಥನಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ನೈಟ್’ ಎಂಬುದನ್ನು ವೀರ, ಯೋಧ, ಸರದಾರ ಎಂದೂ ‘ಶಿವಲ್ರಿ’ಯನ್ನು ಕ್ಷಾತ್ರಧರ್ಮ ಅಥವಾ ಸ್ತ್ರೀದಾಕ್ಷಿಣ್ಯ ಎಂದೂ ಹೇಳುವುದುಂಟು. ಇವು ಎಲ್ಲಿ ಸಲ್ಲುತ್ತವೆ, ಎಲ್ಲಿ ಸಲ್ಲುವುದಿಲ್ಲ ಎಂಬ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

‘ನೈಟ್’ ಹಳೆಯ ಇಂಗ್ಲಿಷಿನಲ್ಲಿ ಹುಡುಗ, ಆಳು ಎಂಬ ಅರ್ಥದ ಪದ. ಫ್ರೆಂಚಿನ ‘ಶೆವಾಲಿಯೆ’ ಕುದುರೆಯ ಹೆಸರಿನಿಂದ ಬಂದದ್ದು, ‘ಶಿವಲ್ರಿ’ಯೂ ಅದರ ಬಳಗದ್ದೇ, ಅದು ಮೊದಲು ಕುದುರೆ ದಂಡಿಗೆ ಸಲ್ಲುತ್ತಿದ್ದು, ನಡತೆಯ ಕಟ್ಟಳೆ ಎಂಬ ಅರ್ಥ ಆಮೇಲೆ ಗಟ್ಟಿಯಾಯಿತು. ಕುದುರೆಯನ್ನಷ್ಟೇ ನೋಡಿದರೆ ಕುಮಾರವ್ಯಾಸನಲ್ಲಿ ಮತ್ತೆ ಮತ್ತೆ ಬರುವ ‘ರಾವುತ’ ಸೊಗಸಾಗಿ ಹೊಂದುತ್ತದೆ. ಆದರೆ ಎಂಥ ದೊಡ್ಡ ಮನೆತನದವನಾದರೂ ಸೊಂಟಕ್ಕೆ ಕತ್ತಿ ಕಟ್ಟಿಸಿಕೊಂಡು, ಹೆಗಲಿಗೋ ಕುತ್ತಿಗೆಗೋ ಒಂದು ಏಟು ತಿಂದು ದೀಕ್ಷೆ ಪಡೆದ ಮೇಲೆಯೇ ನೈಟ್ ಎನಿಸಿಕೊಳ್ಳುತ್ತಿದ್ದನು. ಈ ದೀಕ್ಷೆಯ ಅರ್ಥ ‘ರಾವುತ’ನಲ್ಲಿಲ್ಲ. ‘ಕ್ಷತ್ರಿಯ’ ಎಂದರಂತೂ ಹುಟ್ಟಿನ ಮಾತೇ ಮುಂದಾಗುತ್ತದೆ. ಆದ್ದರಿಂದ ‘ನೈಟ್’ ಎಂದೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಅನಿಸಿಕೆ.

ನನ್ನ ಮುಖ್ಯ ಪ್ರಶ್ನೆ ‘ದಾಕ್ಷಿಣ್ಯ’ವನ್ನು ಕುರಿತದ್ದು. ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದ, ಕವಿಯ ಹೆಸರು ತಿಳಿಯದ ‘ಸರ್ ಗವೇನ್ ಮತ್ತು ಹಸಿರು ನೈಟ್’ ಕಾವ್ಯದಲ್ಲಿ ಆರ್ಥರ್ ರಾಜನ ಆಸ್ಥಾನದ ನೈಟ್ ಗವೇನನ ಗುರಾಣಿಯ ಮೇಲೆ ಐದು ಮೂಲೆಯ ನಕ್ಷತ್ರವಿದೆ. ಅದು ಸೂಚಿಸುವ ಗುಣಗಳಲ್ಲಿ ಔದಾರ್ಯ, ಗೆಳೆತನ, ಶುಚಿತ್ವ, ಸೌಜನ್ಯ, ಕರುಣೆ ಎಂಬ ಐದು ಒಟ್ಟಿಗೆ ಬರುತ್ತವೆ. ಕವಿಯ ಜಾಣತನವೆಂದರೆ ಇವುಗಳಲ್ಲೇ ಎರಡನ್ನು ಒಂದಕ್ಕೊಂದು ಎದುರು ನಿಲ್ಲಿಸುವುದು. ಅತಿಥಿಯಾಗಿ ಉಳಿದ ಕೋಟೆಯಲ್ಲಿ ಒಡೆಯನು ಬೇಟೆಗೆ ಹೋದಾಗಲೆಲ್ಲ ಅವನ ಹೆಂಡತಿ ಗವೇನನ ಮಲಗುವ ಕೋಣೆಗೆ ಬರುತ್ತಾಳೆ. ಒಪ್ಪಿದರೆ ಶುಚಿತ್ವವೂ ಆತಿಥ್ಯದ ಋಣವೂ ಕೆಡುತ್ತವೆ, ಒರಟಾಗಿ ನಿರಾಕರಿಸಿದರೆ ಸೌಜನ್ಯ ಕೆಡುತ್ತದೆ. ನಿಜವಾದ ಗವೇನನಾಗಿದ್ದರೆ ಒಂದು ಮುತ್ತನ್ನಾದರೂ ಕೇಳುತ್ತಿದ್ದನೆಂದು ಆಕೆ ಚುಚ್ಚುತ್ತಾಳೆ, ಅವನು ಮುತ್ತಿಗೆ ಒಪ್ಪುತ್ತಾನೆ. ದಾಕ್ಷಿಣ್ಯಕ್ಕೆ ಬಸಿರಾಗುವ ಗಾದೆ ನಮ್ಮಲ್ಲಿ ಇರುವುದರಿಂದ, ಈ ಇಕ್ಕಟ್ಟಿಗೆ ‘ದಾಕ್ಷಿಣ್ಯ’ಕ್ಕಿಂತ ಒಪ್ಪುವ ಪದ ನನಗಂತೂ ತೋಚದು.

ಆದರೆ ಮೂರನೆಯ ದಿನ ಅವನು ಆಕೆಯಿಂದ, ಕಟ್ಟಿಕೊಂಡವನನ್ನು ಯಾರೂ ಕೊಲ್ಲಲಾರರೆನ್ನುವ ಹಸಿರು ನಡುಪಟ್ಟಿಯನ್ನು ಪಡೆದು, ಅಂದಂದು ದೊರೆತದ್ದನ್ನು ಒಡೆಯನಿಗೆ ಒಪ್ಪಿಸುವ ಕರಾರಿದ್ದರೂ ಬಚ್ಚಿಟ್ಟುಕೊಳ್ಳುವುದು ದಾಕ್ಷಿಣ್ಯದಿಂದಲ್ಲ, ಜೀವದ ಆಸೆಯಿಂದ. ಅಲ್ಲಿ ತಪ್ಪಿದ್ದು ಕೊಟ್ಟ ಮಾತು. ಹಾಗಾಗಿ ‘ದಾಕ್ಷಿಣ್ಯ’ವು ಆ ಕಾವ್ಯದ ಸೌಜನ್ಯಕ್ಕೆ ಸಲ್ಲಬಹುದೇ ಹೊರತು ಇಡೀ ‘ಶಿವಲ್ರಿ’ಗೆ ಸಲ್ಲದು. ‘ಸ್ತ್ರೀದಾಕ್ಷಿಣ್ಯ’ ಎಂದರಂತೂ ಹೆಂಗಸಿಗೆ ಬಾಗಿಲು ತೆರೆದು ನಿಲ್ಲುವ ಈಚಿನ ಮರ್ಯಾದೆಯಷ್ಟೇ ಉಳಿಯುತ್ತದೆ.

ಒಡೆಯನಿಗೆ ತೋರುವ ನಿಷ್ಠೆಗೆ ನಮ್ಮಲ್ಲಿ ‘ಜೋಳವಾಳಿ’ (ಉಂಡ ಅನ್ನದ ಋಣ), ‘ವೇಳೆವಾಳಿ’ (ಹೊತ್ತು ಬಂದಾಗ ಒಡೆಯನಿಗಾಗಿ ಪ್ರಾಣ ಕೊಡುವ ಪಣ) ಎಂಬ ಹಳೆಯ ಪದಗಳಿವೆ. ಆದರೆ ಹನ್ನೆರಡನೆಯ ಶತಮಾನದ ಫ್ರೆಂಚ್ ಕವಿ ಕ್ರೆತಿಯೆನ್ ದ ತ್ರೋಯಾನ ಕಾವ್ಯದಲ್ಲಿ ಲಾನ್ಸಲಾಟನೆಂಬ ನೈಟ್ ತಾನು ಪ್ರೀತಿಸುವ ರಾಣಿಗಾಗಿ ಅಪರಾಧಿಗಳ ಗಾಡಿಯನ್ನು ಹತ್ತಿ ಮಾನ ಕಳೆದುಕೊಳ್ಳುತ್ತಾನೆ. ಹತ್ತುವ ಮುನ್ನ ಎರಡು ಹೆಜ್ಜೆಯಷ್ಟು ಹಿಂಜರಿದನೆಂದು ಅವಳ ಮುನಿಸಿಗೂ ಗುರಿಯಾಗುತ್ತಾನೆ. ಈ ಬಗೆಯ ಸೇವೆಯನ್ನು ವೇಳೆವಾಳಿ ಎನ್ನಬಹುದೇ? ಶಾಸನಗಳಲ್ಲಾಗಲಿ ಹಳಗನ್ನಡ ಕಾವ್ಯಗಳಲ್ಲಾಗಲಿ ಹೆಣ್ಣಿಗೆ ಗಂಡು ಸಲ್ಲಿಸುವ ಸೇವೆಗೆ ಆ ಪದ ಬಳಕೆಯಾದ ಉದಾಹರಣೆ ಇದ್ದರೆ ದಯವಿಟ್ಟು ತಿಳಿಸಿ.